ಕಣ್ಣಿನ ಒಳಗನ್ನು ಓದಲು ಕಲಿತವರು

ಮಧುಮೇಹದಿಂದ ಬರುವ ಕುರುಡು ಸದ್ದಿಲ್ಲದೆ ಬರುತ್ತದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ನವಿರಾದ ರಕ್ತನಾಳಗಳು ಉಬ್ಬಿ ಸೋರತೊಡಗಿದರೂ ರೋಗಿಗೆ ನೋವಿಲ್ಲ, ಉರಿಯಿಲ್ಲ. ಎಂದಿನಂತೆ ಪತ್ರಿಕೆ ಓದುತ್ತಿರುತ್ತಾನೆ. ದೃಷ್ಟಿ ಮಂಜಾಯಿತೆಂದು ವೈದ್ಯರಲ್ಲಿಗೆ ಹೊರಡುವಾಗ ಎಷ್ಟೋ ಸಲ ಹೊತ್ತು ಮೀರಿರುತ್ತದೆ. ಆದುದರಿಂದ ರೋಗಿಗೆ ತಿಳಿಯದುದನ್ನು ಬೇರೊಬ್ಬರು ಮೊದಲೇ ಕಂಡು ಹೇಳಬೇಕು. ಅದನ್ನು ಕಲಿಯಲು ವೈದ್ಯಲೋಕಕ್ಕೆ ನೂರೈವತ್ತು ವರ್ಷಗಳೇ ಹಿಡಿದವು.

1851ರಲ್ಲಿ ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ತಮ್ಮ ನೇತ್ರದರ್ಶಕವನ್ನು ಜಗತ್ತಿಗೆ ಪರಿಚಯಿಸಿದರು. ಅದುವರೆಗೆ ಜೀವಂತ ಮನುಷ್ಯನ ಅಕ್ಷಿಪಟಲವು ವೈದ್ಯರ ಪಾಲಿಗೆ ಕತ್ತಲೆಯ ಕೋಣೆಯಾಗಿತ್ತು. ಕೆಲವೇ ವರ್ಷಗಳಲ್ಲಿ ವಿಯೆನ್ನಾದ ಎಡ್ವರ್ಡ್ ಯೇಗರ್ ಮಧುಮೇಹಿಯೊಬ್ಬನ ಅಕ್ಷಿಪಟಲದಲ್ಲಿ ಕಂಡ ವಿಕಾರಗಳನ್ನು ವಿವರಿಸಿದರು. ಅವು ಮಧುಮೇಹದ ಫಲವೇ ಅಲ್ಲವೇ ಎಂಬ ವಾದ ಬಹುಕಾಲ ನಡೆಯಿತು.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟರು. ಬೇಗನೆ ಸಾಯುತ್ತಿದ್ದವರು ದಶಕಗಳ ಕಾಲ ಬದುಕತೊಡಗಿದರು. ಆದರೆ ಉಳಿದ ಆಯುಷ್ಯದೊಂದಿಗೆ ಇನ್ನೊಂದು ಸಂಕಟವೂ ಬಂದಿತು. ಮಧುಮೇಹದೊಡನೆ ಬಹುಕಾಲ ಬಾಳಿದವರ ಕಣ್ಣುಗಳು ಕೆಡಲಾರಂಭಿಸಿದವು.

ಚಿಕಿತ್ಸೆ ಬೆಳಕಿನಿಂದಲೇ ದೊರೆಯಿತು. ತೀಕ್ಷ್ಣ ಬೆಳಕಿನಿಂದ ಅಕ್ಷಿಪಟಲದ ಭಾಗಗಳನ್ನು ಸುಡುವ ವಿಧಾನವನ್ನು ಜರ್ಮನಿಯ ಮೇಯರ್-ಶ್ವಿಕರಾಟ್ ರೂಢಿಸಿದ್ದರು. 1960ರಲ್ಲಿ ಲೇಸರ್ ಹುಟ್ಟಿತು. ಇದು ನಿಜವಾಗಿ ಫಲಕಾರಿಯೇ ಎಂದು ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದಕ್ಕೆ ಇಲ್ಲ. 1976ರಲ್ಲಿ ಹೊರಬಂದ ಫಲಿತಾಂಶ ಸ್ಪಷ್ಟವಾಗಿತ್ತು: ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ಯಂತ್ರವಿತ್ತು, ಚಿಕಿತ್ಸೆಯಿತ್ತು, ಕೊರತೆಯಿದ್ದುದು ನೋಡುವವರದು. ಚೆನ್ನಾಗಿ ಕಾಣುತ್ತಿರುವ ಲಕ್ಷಾಂತರ ಮಂದಿಯ ಕಣ್ಣುಗಳನ್ನು ಬೆರಳೆಣಿಕೆಯ ತಜ್ಞರು ನೋಡಿ ಮುಗಿಸುವುದೆಂತು? 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್ ಎಂಬಲ್ಲಿ ಕೂಡಿದ ಯೂರೋಪಿನ ಪ್ರತಿನಿಧಿಗಳು, ಮಧುಮೇಹದ ಕುರುಡನ್ನು ಐದು ವರ್ಷಗಳಲ್ಲಿ ಮೂರನೆಯ ಒಂದು ಪಾಲಾದರೂ ತಗ್ಗಿಸಬೇಕೆಂದು ಘೋಷಿಸಿದರು. ಘೋಷಣೆ ಸುಲಭ, ಕೈಗಳು ಬೇಕಲ್ಲ!

ಇಂಗ್ಲೆಂಡ್ 2003ರಲ್ಲಿ ರಾಷ್ಟ್ರೀಯ ತಪಾಸಣೆಯನ್ನು ಆರಂಭಿಸಿದಾಗ ಆ ಕೈಗಳನ್ನು ತಾನೇ ತಯಾರುಮಾಡಿತು. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸುವುದು, ಪ್ರತಿ ಕಣ್ಣಿಗೆ ಎರಡು ಛಾಯಾಚಿತ್ರ ತೆಗೆಯುವುದು, ಚಿತ್ರದಲ್ಲಿನ ಚುಕ್ಕೆ ಯಾವುದು, ರಕ್ತದ ಕಲೆ ಯಾವುದು, ಹೊಸದಾಗಿ ಮೊಳೆತ ಅಪಾಯದ ನಾಳ ಯಾವುದು ಎಂದು ಗುರುತಿಸಿ ದರ್ಜೆ ನೀಡುವುದು—ಇಷ್ಟನ್ನೂ ವೈದ್ಯರಲ್ಲದ ಕಾರ್ಯಕರ್ತರಿಗೂ ಕಲಿಸಿ, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟರು. ಇನ್ನೂ ಆಳವಾಗಿ ಕಲಿಯಬಯಸುವ ದಾದಿಯರು, ದೃಷ್ಟಿಪರೀಕ್ಷಕರು, ವೈದ್ಯರಿಗಾಗಿ ಸ್ನಾತಕೋತ್ತರ ಶಿಕ್ಷಣವೂ ಬೆಳೆಯಿತು. ಕಲಿಕೆ ಪ್ರಮಾಣಪತ್ರದೊಂದಿಗೆ ಮುಗಿಯಲಿಲ್ಲ. ಚಿತ್ರ ಓದುವವರ ಮುಂದೆ ಪರೀಕ್ಷೆಗೆಂದೇ ಆರಿಸಿದ ಚಿತ್ರಗಳನ್ನು ತಿಂಗಳು ತಿಂಗಳೂ ಇಟ್ಟು ಅವರ ಕಣ್ಣನ್ನೂ ಒರೆಗೆ ಹಚ್ಚುವ ಪದ್ಧತಿ ಬಂದಿತು. ಒಬ್ಬರು ರೋಗವಿದೆಯೆಂದ ಚಿತ್ರವನ್ನು ಇನ್ನೊಬ್ಬರು ನೋಡುತ್ತಾರೆ; ಇಬ್ಬರಿಗೂ ಮತಭೇದವಾದರೆ ಮೂರನೆಯವರ ತೀರ್ಮಾನ.

ಈ ಶ್ರಮದ ಫಲ 2014ರಲ್ಲಿ ಪ್ರಕಟವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡಿಗೆ ಮಧುಮೇಹದ ಅಕ್ಷಿಪಟಲ ರೋಗವೇ ಮೊದಲ ಕಾರಣವಾಗಿ ಉಳಿದಿರಲಿಲ್ಲ. ಐದು ದಶಕಗಳಲ್ಲಿ ಇದೇ ಮೊದಲ ಸಲ ಅದು ಆ ಸ್ಥಾನದಿಂದ ಇಳಿದಿತ್ತು. ರಕ್ತದ ಸಕ್ಕರೆಯ ಹತೋಟಿ ಉತ್ತಮಗೊಂಡುದೂ ಇದಕ್ಕೆ ನೆರವಾಗಿರಬೇಕು. ಆದರೂ ಕತ್ತಲೆ ಕೋಣೆಯಲ್ಲಿ ಕುಳಿತು ಸಾವಿರಾರು ಚಿತ್ರಗಳನ್ನು ಬೇಸರವಿಲ್ಲದೆ ಓದಿದವರ ಪಾಲನ್ನು ಮರೆಯಲಾಗದು.

ನಮ್ಮ ಮನೆಗಳಲ್ಲಿಯೂ ಸಕ್ಕರೆ ಕಾಯಿಲೆಯವರು ಇದ್ದಾರೆ. ‘ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ’ ಎಂದು ಅವರು ಹೇಳಿದರೆ ಸಂತೋಷ. ಆದರೆ ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಬಲ್ಲವರಿಗೆ ತೋರಿಸಬೇಕು. ಉಳಿಸಿಕೊಳ್ಳಲು ಸಾಧ್ಯವಿರುವುದು ಆಗಲೇ.