ಪಿರಮಿಡ್ಡುಗಳಿಂದ ಈಚೆಗೆ

ಈಜಿಪ್ಟಿಗೆ ಹೋಗಿಬಂದೆನೆಂದು ತಿಳಿದವರೆಲ್ಲ ನನ್ನನ್ನು ಪಿರಮಿಡ್ಡುಗಳ ವಿಚಾರವನ್ನೇ ಕೇಳುತ್ತಾರೆ. ತಪ್ಪೇನೂ ಅಲ್ಲ. ನಾಲ್ಕೂವರೆ ಸಾವಿರ ವರ್ಷಗಳಿಂದ ನಿಂತಿರುವುದನ್ನು ಬಿಟ್ಟು ಬೇರೇನನ್ನು ಕೇಳಬೇಕು? ಆದರೆ ನಮ್ಮ ಮನಸ್ಸಿನಲ್ಲಿ ಆ ದೇಶದ ಚರಿತ್ರೆ ಕ್ಲಿಯೋಪಾತ್ರಳ ಸಾವಿನೊಂದಿಗೆ ಮುಗಿದುಹೋಗಿದೆ. ಆಮೇಲೆ ಅಲ್ಲಿ ಯಾರಾದರೂ ಉತ್ತು ಬಿತ್ತು ಬಾಳಿದರೇ ಎಂಬ ಗೊಡವೆ ನಮಗಿಲ್ಲ. ಕ್ರಿ.ಶ. 641ರಲ್ಲಿ ಅರಬರ ಸೇನೆ ನೈಲ್ ನದಿಯ ದಡದ ಬ್ಯಾಬಿಲೋನ್ ಕೋಟೆಯನ್ನು ಹಿಡಿಯಿತು. ಅಲ್ಲಿಂದೀಚಿನ ಸುಮಾರು ಹದಿನಾಲ್ಕು ಶತಮಾನಗಳನ್ನು ಗ್ರಂಥದ ಕೊನೆಗೆ ಅಂಟಿಸಿದ ಪರಿಶಿಷ್ಟವೆಂಬಂತೆ ಕಾಣುತ್ತೇವೆ. ಇದು ಅನ್ಯಾಯವೆಂದು ನನಗೆ ಗಾಢವಾಗಿ ಅನ್ನಿಸಿದ್ದು ಕೈರೋ ನಗರದ ಒಂದು ಬಾವಿಯ ಬಳಿ.

ನದಿಯ ನಡುವೆ ರೋಡಾ ಎಂಬ ನಡುಗಡ್ಡೆಯಿದೆ. ಅದರ ದಕ್ಷಿಣದ ತುದಿಯಲ್ಲಿ, 861ರಲ್ಲಿ, ಖಲೀಫ ಮುತವಕ್ಕಿಲನ ಆಳ್ವಿಕೆಯಲ್ಲಿ ಕಟ್ಟಿದ ನದೀಮಾಪಕ ಈ ಬಾವಿ. ಅರಬ್ಬಿಯಲ್ಲಿ ಇದಕ್ಕೆ ಮಿಕ್ಯಾಸ್ ಎಂದು ಹೆಸರು. ಕಲ್ಲು ಕಟ್ಟಿದ ಆಳವಾದ ಗುಂಡಿ. ಗೋಡೆಯನ್ನು ಬಳಸಿ ಇಳಿಯುವ ಮೆಟ್ಟಿಲು. ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ. ಕಂಬದ ಮೈಮೇಲೆ ಮೊಳದ ಗುರುತುಗಳು. ಬೇರೆ ಬೇರೆ ಮಟ್ಟದ ಮೂರು ಸುರಂಗಗಳಿಂದ ಹೊಳೆಯ ನೀರು ಒಳಕ್ಕೆ ಬರುತ್ತಿತ್ತು. ನೀರು ಹದಿನಾರು ಮೊಳ ಮುಟ್ಟಿತೆಂದರೆ ಆ ವರ್ಷ ಹುಲುಸಾದ ಬೆಳೆ; ಪೂರ್ತಿ ಕಂದಾಯ ಎತ್ತಬಹುದು. ತೀರ ಕಡಿಮೆಯಾದರೆ ಬರ, ಮಿತಿಮೀರಿದರೆ ಕೊಚ್ಚಿಹೋಗುವ ಭಯ. ಫೇರೋಗಳ ಕಾಲದವರೂ ಹೀಗೆಯೇ ನದಿಯನ್ನು ಅಳೆಯುತ್ತಿದ್ದರು. ಅರಸರು ಹೋದರು, ದೇವರ ಹೆಸರು ಬದಲಾಯಿತು, ಜನರ ನುಡಿಯೇ ಬದಲಾಯಿತು. ಅಳತೆ ಮಾತ್ರ ನಿಲ್ಲಲಿಲ್ಲ. ಹೊಸ ಧರ್ಮದವರು ಹಳೆಯ ವಿದ್ಯೆಯನ್ನು ಉಳಿಸಿಕೊಂಡು, ಬಾವಿಯ ಗೋಡೆಯ ಮೇಲೆ ಮಳೆಬೆಳೆಗಳನ್ನು ಕುರಿತ ಕುರಾನಿನ ವಾಕ್ಯಗಳನ್ನು ಕೂಫಿ ಲಿಪಿಯಲ್ಲಿ ಕೆತ್ತಿದರು. ಅಲ್ಲಿನ ಮೊನಚು ಕಮಾನುಗಳು ಯೂರೋಪಿನ ಗಾಥಿಕ್ ಕಮಾನುಗಳಿಗಿಂತ ಸುಮಾರು ಮುನ್ನೂರು ವರ್ಷ ಹಿರಿಯವು. 1970ರಲ್ಲಿ ಅಸ್ವಾನಿನ ಎತ್ತರದ ಅಣೆಕಟ್ಟು ಮುಗಿದ ಮೇಲೆ ಅಳೆಯಬೇಕಾದ ಪ್ರವಾಹವೇ ಇಲ್ಲವಾಯಿತು. ಸುರಂಗಗಳನ್ನು ಮುಚ್ಚಿದ್ದಾರೆ, ಕಂಬ ಒಣಗಿ ನಿಂತಿದೆ.

ಇಬ್ನ್ ತುಲೂನನ ಮಸೀದಿ ಇನ್ನೊಂದು ಬಗೆಯ ಸೊಗಸು. 876ರಿಂದ 879ರವರೆಗೆ ಕಟ್ಟಿದ್ದು. ಕಲ್ಲಿನ ದೇಶದಲ್ಲಿ ಇದು ಇಟ್ಟಿಗೆಯ ಕಟ್ಟಡ. ಗಾರೆಯ ಮೇಲೆ ಬಳ್ಳಿಯ ಕೆತ್ತನೆ. ಹೊರಗಿನಿಂದ ಮೆಟ್ಟಿಲು ಸುತ್ತಿ ಏರುವ ಮಿನಾರು. ವಿಶಾಲವಾದ ಅಂಗಳದಲ್ಲಿ ನಿಂತರೆ ಊರಿನ ಗದ್ದಲವೆಲ್ಲ ಗೋಡೆಯಾಚೆಗೆ ಸರಿದುಹೋಗುತ್ತದೆ. ಈ ಮಸೀದಿಯನ್ನು ಕುರಿತು ಹಳೆಯ ಕತೆಯೊಂದಿದೆ. ಅದಕ್ಕೆ ಮುನ್ನೂರು ಕಂಬಗಳು ಬೇಕಾಗಿದ್ದುವಂತೆ. ಕ್ರೈಸ್ತರ ದೇಗುಲಗಳಿಂದ ಕೀಳದೆ ಅಷ್ಟು ಕಂಬ ದೊರೆಯುವಂತಿರಲಿಲ್ಲ. ಇಬ್ನ್ ತುಲೂನನಿಗೆ ಅದು ಒಪ್ಪಿಗೆಯಾಗಲಿಲ್ಲ. ಆಗ ಸೆರೆಯಲ್ಲಿದ್ದ ಕ್ರೈಸ್ತ ಶಿಲ್ಪಿಯೊಬ್ಬ, ಕಿಬ್ಲಾದ ಬಳಿಯ ಎರಡು ಕಂಬ ಹೊರತು ಬೇರೆ ಕಂಬವೇ ಇಲ್ಲದೆ ಕಟ್ಟಿಕೊಡುತ್ತೇನೆಂದು ಹೇಳಿಕಳುಹಿಸಿದನಂತೆ. ಕತೆ ಎಷ್ಟು ನಿಜವೋ! ಕಟ್ಟಡವಂತೂ ನಿಜವಾಗಿಯೇ ಇಟ್ಟಿಗೆಯ ಚೌಕ ಕಂಬಗಳ ಮೇಲೆ ನಿಂತಿದೆ. ಎಲ್ಲ ದೊರೆಗಳೂ ಇಷ್ಟು ಸಂಕೋಚಪಟ್ಟವರಲ್ಲ. ಅಲ್ ಅಜ್ಹರಿನಲ್ಲಿ ಹಳೆಯ ಕಟ್ಟಡಗಳ ಕಂಬಗಳು ಸಾಲುಸಾಲಾಗಿವೆ, ಪಿರಮಿಡ್ಡುಗಳ ಹೊದಿಕೆಗಲ್ಲನ್ನು ಕಿತ್ತು ಕೈರೋದ ಕಟ್ಟಡಗಳಿಗೆ ಸಾಗಿಸಿದ್ದೂ ಉಂಟು. ಅದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ದೇಶವನ್ನೂ ಸೇರಿಸಿ, ಯಾವ ದೇಶದ ಗೋಡೆಯನ್ನು ಕೆದಕಿದರೂ ಹಿಂದಿನವರ ಕಲ್ಲು ಸಿಕ್ಕೀತು.

ಮುಯಿಜ್ಜ್ ಬೀದಿಯಲ್ಲಿ ನಡೆದರೆ ದಾರಿ ಕವಲೊಡೆಯುವಲ್ಲಿ ಅಬ್ದುಲ್ ರಹಮಾನ್ ಕತ್ಖುದಾ 1744ರಲ್ಲಿ ಕಟ್ಟಿಸಿದ ಚೆಲುವಾದ ಮನೆಯೊಂದು ಎದುರಾಗುತ್ತದೆ. ಕೆಳಗೆ ದಾರಿಹೋಕರಿಗೆ ನೀರು. ಮೇಲೆ ಗಾಳಿಯಾಡುವ ಜಗಲಿಯಲ್ಲಿ ಮಕ್ಕಳಿಗೆ ಓದು. ಇಂಥ ಧರ್ಮಶಾಲೆಗಳು ಆ ನಗರದಲ್ಲಿ ಬೇಕಾದಷ್ಟಿದ್ದುವು. ಶಾಸನಗಳನ್ನು ಪಾಠ ಹೇಳುವ ನನಗೆ ಒಡನೆ ನೆನಪಾದದ್ದು ನಮ್ಮ ಅರವಟ್ಟಿಗೆ. ಇವುಗಳ ಖರ್ಚಿಗೆ ವಕ್ಫ್ ಎಂಬ ದತ್ತಿ. ನಮ್ಮ ದಾನಶಾಸನಗಳ ಕೊನೆಯಲ್ಲಿರುವಂತೆ ವಕ್ಫ್ ಪತ್ರಗಳಲ್ಲಿಯೂ ದತ್ತಿಯನ್ನು ಕೆಡಿಸುವವನಿಗೆ ಶಾಪವಿರುತ್ತದೆ. ನೀರಿಗೂ ಅಕ್ಷರಕ್ಕೂ ಒಂದೇ ಸೂರು ಹಾಕಿದವರ ಬುದ್ಧಿ ನನಗೆ ಬಹಳ ಮೆಚ್ಚಿಗೆಯಾಯಿತು.

ಕನ್ನಡಿಗರು ನೋಡಲೇಬೇಕಾದ ಮತ್ತೊಂದು ಸ್ಥಳ ಹಳೆಯ ಕೈರೋದ ಬೆನ್ ಎಜ್ರಾ ಯೆಹೂದಿ ಮಂದಿರ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬ ನಿಷ್ಠೆಯಿಂದ ಅಲ್ಲಿನ ಯೆಹೂದಿಗಳು ಹಳೆಯ ಕಾಗದವನ್ನೆಲ್ಲ ಒಂದು ಕೋಣೆಯಲ್ಲಿ ತುಂಬಿಟ್ಟಿದ್ದರು. ಅವುಗಳಲ್ಲಿ ಹೆಚ್ಚಿನವು 1896–97ರಲ್ಲಿ ಕೇಂಬ್ರಿಜ್ಜಿಗೆ ಹೋದುವು. ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳಿವೆ. ಟ್ಯುನೀಸಿಯದ ಈತ ಹನ್ನೆರಡನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದ. 1132ರಲ್ಲಿ ಅಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆಮಾಡಿದ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಬೊಮ್ಮ ಎಂದು ಓದಿದ್ದಾರೆ. ಬೆನ್ ಯಿಜು ಧರ್ಮದಿಂದ ಯೆಹೂದಿ, ಅವನ ಲಿಪಿ ಹೀಬ್ರೂ. ಆದರೆ ವ್ಯಾಪಾರದ ಪತ್ರಗಳ ಭಾಷೆ ಅರಬ್ಬಿ. ಸ್ಪೇನಿನಿಂದ ಏಡನ್ನಿನವರೆಗೆ ಬೇರೆ ಬೇರೆ ಮತದವರು ಒಬ್ಬರೊಬ್ಬರನ್ನು ನಂಬಿ ಸರಕು ಕಳುಹಿಸಲು ಆ ಭಾಷೆಯೇ ಸೇತುವೆಯಾಗಿತ್ತು. ಏಡನ್ನಿನ ಗೆಳೆಯರು ಮಂಗಳೂರಿಗೆ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಈಜಿಪ್ಟಿನ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ನಮ್ಮವರು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಾಲ ಅದು. ಬೆನ್ ಯಿಜು ಆ ಕಾಗದವನ್ನು ಎಷ್ಟು ಜೋಪಾನಮಾಡುತ್ತಿದ್ದನೆಂದರೆ, ಬಂದ ಪತ್ರಗಳ ಹಿಂಬದಿಯಲ್ಲೂ ತನ್ನ ಲೆಕ್ಕಪತ್ರವನ್ನು ಬರೆದಿಟ್ಟಿದ್ದಾನೆ.