ಹೆಚ್ಚು ಬೌಲಿಂಗ್ ಮಾಡಿದಷ್ಟೂ ವೇಗ ಹೆಚ್ಚುತ್ತದೆಯೇ? ಎಳೆಯ ವೇಗದ ಬೌಲರ್‌ಗಳು ತಿಳಿಯಬೇಕಾದ ಸಂಗತಿಗಳು

ಬೇಸಿಗೆ ರಜೆ ಬಂದರೆ ಹೊನ್ನಾಳಿ, ನ್ಯಾಮತಿ ಕಡೆಯ ಶಾಲಾ ಮೈದಾನಗಳಲ್ಲಿ ಬೆಳಗಿನಿಂದ ಸಂಜೆವರೆಗೂ ಕ್ರಿಕೆಟ್. ವೇಗವಾಗಿ ಬಾಲ್ ಹಾಕುವ ಹುಡುಗನಿದ್ದರೆ ಎಲ್ಲ ತಂಡಕ್ಕೂ ಅವನೇ ಬೇಕು. ಅವನಿಗೆ ಸಿಗುವ ಸಲಹೆಗಳೂ ಕಡಿಮೆಯಿಲ್ಲ. "ದಿನಾ ಇಪ್ಪತ್ತು ಓವರ್ ಹಾಕು, ವೇಗ ತಾನಾಗೇ ಬರುತ್ತೆ", "ಸೊಂಟ ನೋವು ಬಂದ್ರೆ ಮೈ ಪಳಗ್ತಿದೆ ಅಂತ ಅರ್ಥ", "ಈಗಲೇ ಭಾರ ಎತ್ತಿದ್ರೆ ಕುಳ್ಳ ಆಗ್ತೀಯ". ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ದಿನವೂ ಹೆಚ್ಚು ಓವರ್ ಹಾಕಿದರೆ ವೇಗ ಬರುತ್ತದೆಯೇ?

ಇಲ್ಲ. ಅಭ್ಯಾಸ ಬೇಕು, ಆದರೆ ಅಳತೆ ಮೀರಿದ ಬೌಲಿಂಗ್ ವೇಗದ ಬದಲು ಗಾಯ ತರುತ್ತದೆ.

ವೇಗದ ಬೌಲರ್ ಮುಂಗಾಲನ್ನು ನೆಲಕ್ಕೆ ಊರಿದ ಕ್ಷಣದಲ್ಲಿ ಅವನ ದೇಹದ ತೂಕದ ಸುಮಾರು ಐದು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬಲ ಆ ಕಾಲಿನ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತಿರುತ್ತದೆ. ಇದರ ಹೊಡೆತ ಹೆಚ್ಚಾಗಿ ತಾಗುವುದು ಸೊಂಟದ ಭಾಗದ ಬೆನ್ನುಮೂಳೆಗೆ. ಪ್ರತಿ ಎಸೆತದಲ್ಲೂ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿ ಆಗಬಹುದು. ವಿಶ್ರಾಂತಿ ಸಿಕ್ಕರೆ ದೇಹ ಅದನ್ನು ಸರಿಪಡಿಸಿ ಮೂಳೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ವಿಶ್ರಾಂತಿ ಸಿಗದಿದ್ದರೆ ಹಾನಿ ಸೇರುತ್ತಾ ಹೋಗಿ ಬಿರುಕಾಗುತ್ತದೆ. ಇದೇ 'ಸ್ಟ್ರೆಸ್ ಫ್ರಾಕ್ಚರ್'. ಸೊಂಟದ ಮೂಳೆಗಳು ಪೂರ್ತಿ ಗಟ್ಟಿಯಾಗಲು ಇಪ್ಪತ್ತು ವರ್ಷ ದಾಟಬೇಕು. ಹೀಗಾಗಿ ಹದಿಹರೆಯದವರಿಗೆ ಅಪಾಯ ಹೆಚ್ಚು.

ದೊಡ್ಡ ಆಟಗಾರರನ್ನೂ ಇದು ಬಿಟ್ಟಿಲ್ಲ. ಜಸ್‌ಪ್ರೀತ್ ಬೂಮ್ರಾ 2019ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದ ತಂಡದಿಂದ ಹೊರಗುಳಿದರು. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಇದೇ ಕಾರಣಕ್ಕೆ 2023ರ ಐಪಿಎಲ್ ಪೂರ್ತಿ ಕಳೆದುಕೊಂಡರು. ಫಿಸಿಯೊ, ಸ್ಕ್ಯಾನ್, ತಜ್ಞ ವೈದ್ಯರು ಎಲ್ಲರೂ ಜೊತೆಗಿದ್ದವರ ಕಥೆ ಇದು. ಹಳ್ಳಿಯ ಹುಡುಗನಿಗೆ ಇವ್ಯಾವುವೂ ಇಲ್ಲ.

ಹಾಗಾದರೆ ಎಷ್ಟು ಓವರ್ ಸರಿ?

ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಎಳೆಯ ವೇಗಿಗಳಿಗೆ ಹಲವು ವರ್ಷ ಜಾರಿಯಲ್ಲಿಟ್ಟಿದ್ದ ಮಿತಿ ಹೀಗಿತ್ತು:

• 13 ವರ್ಷದೊಳಗಿನವರು: ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್
• 14 ಮತ್ತು 15 ವರ್ಷದೊಳಗಿನವರು: ಸ್ಪೆಲ್‌ಗೆ 6, ದಿನಕ್ಕೆ 12
• 16 ಮತ್ತು 17 ವರ್ಷದೊಳಗಿನವರು: ಸ್ಪೆಲ್‌ಗೆ 7, ದಿನಕ್ಕೆ 18

ಈಗ ನಮ್ಮೂರಿನ ಒಂದು ಭಾನುವಾರದ ಲೆಕ್ಕ ಹಾಕೋಣ. 14 ವರ್ಷದ ಹುಡುಗ ಬೆಳಗ್ಗೆ ನೆಟ್ಸ್‌ನಲ್ಲಿ 36 ಬಾಲ್ ಹಾಕಿದ. ಟೂರ್ನಿಯ ಎರಡು ಪಂದ್ಯಗಳಲ್ಲಿ ತಲಾ 4 ಓವರ್, ಅಂದರೆ 48 ಬಾಲ್. ಸಂಜೆ ಗೆಳೆಯರ ಜೊತೆ ಟೆನ್ನಿಸ್ ಬಾಲ್‌ನಲ್ಲಿ ಇನ್ನೂ 30. ಒಟ್ಟು 114 ಬಾಲ್, ಅಂದರೆ 19 ಓವರ್. 12 ಓವರ್‌ಗಳ ಮಿತಿಯನ್ನು ಅವನಿಗೇ ಗೊತ್ತಿಲ್ಲದೆ ದಾಟಿಯಾಯಿತು. ಯಾವ ಪಂದ್ಯದಲ್ಲೂ ಅವನು ಹೆಚ್ಚು ಬೌಲಿಂಗ್ ಮಾಡಿದಂತೆ ಕಾಣಲಿಲ್ಲ. ಅಪಾಯ ಅಡಗಿರುವುದೇ ಇಲ್ಲಿ.

ಟೆನ್ನಿಸ್ ಬಾಲ್ ಹಗುರ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಹಿಡಿಯಲೇಬೇಕು. ಬಾಲ್ ಹಗುರವಾದರೂ ಓಡಿ ಬಂದು ಕಾಲೂರುವ ಬಲ ಕಡಿಮೆಯಾಗುವುದಿಲ್ಲ. ಗಟ್ಟಿ ನೆಲದ ಮೇಲೆ, ಚಪ್ಪಲಿಯಲ್ಲೋ ಬರಿಗಾಲಲ್ಲೋ ಆಡಿದರೆ ಹೊಡೆತ ತಡೆಯಲು ಶೂ ಕೂಡ ಇರುವುದಿಲ್ಲ.

ಸೊಂಟ ನೋವು ಬಂದರೆ ಮೈ ಪಳಗುತ್ತಿದೆ ಎಂದರ್ಥವೇ?

ಇದು ಸುಳ್ಳು, ಮತ್ತು ಎಲ್ಲಕ್ಕಿಂತ ಅಪಾಯಕಾರಿ. ಆಡಿದ ಮರುದಿನ ತೊಡೆ, ಭುಜ ಬಿಗಿಯಾಗಿ ಒಂದೆರಡು ದಿನದಲ್ಲಿ ಹೋಗುವ ಮೈಕೈ ನೋವು ಸಾಮಾನ್ಯ. ಆದರೆ ಸೊಂಟದ ಒಂದೇ ಬದಿಯಲ್ಲಿ ನೋವು, ಅದರಲ್ಲೂ ಬಲಗೈ ಬೌಲರ್‌ಗೆ ಎಡಬದಿಯಲ್ಲಿ, ಬೌಲಿಂಗ್ ಮಾಡುವಾಗ ಅಥವಾ ಹಿಂದಕ್ಕೆ ಬಾಗಿದಾಗ ಹೆಚ್ಚಾದರೆ ಬೌಲಿಂಗ್ ತಕ್ಷಣ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಬೇಕು. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಹಲವು ಬಾರಿ ಕಾಣುವುದಿಲ್ಲ, ಎಂಆರ್‌ಐ ಬೇಕಾಗಬಹುದು. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಮೂಳೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ನೋವಿನ ಮಾತ್ರೆ ನುಂಗಿ ಫೈನಲ್ ಆಡಿದರೆ ನೋವು ಮರೆಯಾಗುತ್ತದೆಯೇ ಹೊರತು ಬಿರುಕು ಮರೆಯಾಗುವುದಿಲ್ಲ.

ಭಾರ ಎತ್ತಿದರೆ ಬೆಳವಣಿಗೆ ನಿಲ್ಲುತ್ತದೆಯೇ?

ಇಲ್ಲ. ಸರಿಯಾದ ಭಂಗಿಯಲ್ಲಿ, ತಿಳಿದವರ ಕಣ್ಗಾವಲಿನಲ್ಲಿ, ವಯಸ್ಸಿಗೆ ತಕ್ಕ ಭಾರದೊಂದಿಗೆ ಮಾಡುವ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಿಲ್ಲ. ಜಿಮ್ ಇಲ್ಲದಿದ್ದರೂ ಚಿಂತೆಯಿಲ್ಲ. ಬಸ್ಕಿ, ದಂಡ, ಪ್ಲ್ಯಾಂಕ್, ಒಂಟಿಗಾಲಿನ ವ್ಯಾಯಾಮಗಳು ಕಾಲು ಮತ್ತು ಸೊಂಟವನ್ನು ಗಟ್ಟಿ ಮಾಡುತ್ತವೆ. ಯಾರದೋ ವಿಡಿಯೊ ನೋಡಿ ಒಮ್ಮೆಲೇ ದೊಡ್ಡ ಭಾರ ಎತ್ತುವುದು ಮಾತ್ರ ಬೇಡ.

ವೇಗ ನಿಜಕ್ಕೂ ಎಲ್ಲಿಂದ ಬರುತ್ತದೆ?

ತೋಳಿನ ಬಲವೊಂದರಿಂದಲೇ ಅಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ವೇಗಿಗಳ ಚಲನೆಯನ್ನು ಅಳೆದು ನೋಡಿದಾಗ ಮುಖ್ಯವಾಗಿ ಕಂಡದ್ದು ನಾಲ್ಕು ಅಂಶ: ಚುರುಕಾದ ರನ್-ಅಪ್, ಮುಂಗಾಲು ಊರಿದಾಗ ಮಡಚದ ಮಂಡಿ, ಬಾಲ್ ಬಿಡುವ ಹೊತ್ತಿಗೆ ಎದೆ ಮುಂದಕ್ಕೆ ಬಾಗುವುದು, ಬೌಲಿಂಗ್ ತೋಳು ತುಸು ತಡವಾಗಿ ಬರುವುದು. ಆದರೆ ಮಂಡಿ ಮಡಚದಿದ್ದರೆ ಮೈಮೇಲೆ ಬೀಳುವ ಹೊಡೆತವೂ ಹೆಚ್ಚು. ಅದಕ್ಕೇ ಮೊದಲು ಕಾಲು, ಸೊಂಟ ಗಟ್ಟಿಯಾಗಬೇಕು. ಆಮೇಲೆ ಕೋಚ್ ನೆರವಿನಿಂದ ಶೈಲಿಯನ್ನು ನಿಧಾನವಾಗಿ ತಿದ್ದಿಕೊಳ್ಳಬೇಕು. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಚಿಕೊಳ್ಳುವ ಮಿಶ್ರ ಶೈಲಿ ಬೆನ್ನಿಗೆ ಒಳ್ಳೆಯದಲ್ಲ.

ವೇಗವೇ ಎಲ್ಲವೂ ಅಲ್ಲ ಎಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದೇ ಹೆಸರಾದ ಆರ್. ವಿನಯ್ ಕುಮಾರ್ ಮಧ್ಯಮ ವೇಗಿ. ಸ್ವಿಂಗ್ ಮತ್ತು ನಿಖರತೆ ನಂಬಿಕೊಂಡೇ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದರು. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು.

ನೆನಪಿಡಿ

• ಹಾಕಿದ ಪ್ರತಿ ಬಾಲನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಪಂದ್ಯ, ನೆಟ್ಸ್, ಟೆನ್ನಿಸ್ ಬಾಲ್ ಎಲ್ಲವೂ ಸೇರಿ.
• ಪರೀಕ್ಷೆ ಮುಗಿದ ಮರುದಿನವೇ ದಿನಪೂರ್ತಿ ಬೌಲಿಂಗ್ ಬೇಡ. ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ.
• ಸತತ ಎರಡು ದಿನ ಬೌಲಿಂಗ್ ಮಾಡಿದರೆ ಮೂರನೇ ದಿನ ಬ್ಯಾಟಿಂಗ್, ಫೀಲ್ಡಿಂಗ್ ಅಷ್ಟೇ ಸಾಕು.
• ತಂಡದ ಹಿರಿಯರೇ, ಚೆನ್ನಾಗಿ ಬಾಲ್ ಹಾಕುವ ಹುಡುಗನಿಗೆ "ಇನ್ನೊಂದು ಓವರ್ ಹಾಕೋ" ಎನ್ನುವ ಮೊದಲು ಅವನು ಅಂದು ಎಷ್ಟು ಹಾಕಿದ್ದಾನೆ ಎಂದು ಕೇಳಿ. ತಂಡದಿಂದ ಕೈಬಿಡುತ್ತಾರೆಂಬ ಹೆದರಿಕೆಯಿಂದ ಅವನು ತಾನಾಗಿ ಬೇಡ ಎನ್ನಲಾರ.

ನಿಮ್ಮ ಊರಿನ ಕ್ರಿಕೆಟ್ ತಂಡದ ವಾಟ್ಸಾಪ್ ಗುಂಪಿಗೆ ಈ ಮಾಹಿತಿ ಕಳಿಸಿ. ಟೂರ್ನಿ ಮುಂದಿನ ವರ್ಷವೂ ನಡೆಯುತ್ತದೆ. ಹುಡುಗನ ಬೆನ್ನು ಮುಂದಿನ ವರ್ಷಕ್ಕೂ ಚೆನ್ನಾಗಿರಬೇಕು.