ಪಾಡಾಂಗಿನ ಅನ್ನ, ಉಡುಪಿಯ ಬೋರ್ಡು

ವಿಲೆ ಪಾರ್ಲೆಯ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಸಿಂಗಪುರದಲ್ಲಿರುವುದು ಈಗ ವಿಶೇಷವಲ್ಲ. ಮಕ್ಕಳನ್ನು ನೋಡಲು ಹೋದ ನಮ್ಮಂಥ ಹಿರಿಯರು ಅಲ್ಲಿನ ಕಾಂಪೊಂಗ್ ಗ್ಲಾಮ್ ಎಂಬ ಹಳೆಯ ಪೇಟೆಯಲ್ಲಿ ತಿರುಗಾಡಿದರೆ 'ನಾಸಿ ಪಾಡಾಂಗ್' ಎಂದು ಬರೆದ ಹೊಟೇಲುಗಳನ್ನು ಕಾಣುತ್ತೇವೆ. ನಾಸಿ ಎಂದರೆ ಅನ್ನ. ಪಾಡಾಂಗ್ ಎಂಬುದು ಇಂಡೋನೇಷ್ಯಾದ ಪಶ್ಚಿಮ ಸುಮಾತ್ರ ಪ್ರಾಂತದ ರಾಜಧಾನಿ. ಒಂದು ಊರಿನ ಹೆಸರೇ ಊಟದ ಹೆಸರಾಗಿದೆ. ಪಾರ್ಲೆಯಲ್ಲಿ 'ಉಡುಪಿ' ಎಂಬ ಬೋರ್ಡು ನೋಡುತ್ತ ಬಂದವರಿಗೆ ಇದು ಹೊಸ ಸಂಗತಿಯೇನಲ್ಲ.

ಸುಮಾತ್ರದ ಹಳೆಯ ಪದ್ಧತಿಯ ಪಾಡಾಂಗ್ ಹೊಟೇಲುಗಳಲ್ಲಿ ಏನು ಬೇಕೆಂದು ಕೇಳುವ ಕ್ರಮವಿಲ್ಲ. ಮಾಣಿ ಹತ್ತು ಹದಿನೈದು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಪೇರಿಸಿಕೊಂಡು ಬಂದು ಮೇಜಿನ ತುಂಬ ಹರಡುತ್ತಾನೆ. ಮುಟ್ಟಿದ ತಟ್ಟೆಗೆ ಮಾತ್ರ ಹಣ. ಹೆಚ್ಚಿನದು ಮಾಂಸದ ಅಡುಗೆ. ಆದರೂ ಎಳೆಹಲಸನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ 'ಗುಲಾಯ್ ನಂಗ್ಕ' ಎಂಬುದೊಂದಿದೆ. ಗುಜ್ಜೆ ಪಲ್ಯ ತಿಂದು ಬೆಳೆದವರು ಅದನ್ನು ಪರದೇಶದ್ದೆಂದು ಒಪ್ಪುವುದು ಕಷ್ಟ. (ಮಾಂಸದ ರಸ ಬೆರೆತಿದೆಯೇ ಎಂದು ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.)

ರುಚಿಗಿಂತ ಸೋಜಿಗದ್ದು ಆ ಅಡುಗೆಯವರ ಚರಿತ್ರೆ. ಅವರು ಮಿನಾಂಗ್‌ಕಾಬಾವು ಜನ. ಅವರಲ್ಲಿ ಕುಲದ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಸೇರುತ್ತವೆ. ಪ್ರಾಯಕ್ಕೆ ಬಂದ ಗಂಡು ಊರು ಬಿಟ್ಟು ಹೊರಗೆ ದುಡಿದು ಬರಬೇಕೆಂಬುದು ಸಂಪ್ರದಾಯ. ಅದಕ್ಕೆ ಅವರು 'ಮೆರಾಂತಾವು' ಎನ್ನುತ್ತಾರೆ. ತುಳುನಾಡಿನ ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ನಡೆದುಬಂದ ಅಳಿಯಸಂತಾನವನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ. ಹೊಟೇಲು ಹಿಡಿದು ಮುಂಬಯಿಗೆ ಬಂದ ಶಿವಳ್ಳಿ ಬ್ರಾಹ್ಮಣರ, ಗೌಡ ಸಾರಸ್ವತರ ಕಟ್ಟಳೆ ಬೇರೆ. ಅವರನ್ನು ಹೊರಡಿಸಿದ್ದು ಬಡತನ ಮತ್ತು ಕೈಯಲ್ಲಿದ್ದ ಅಡುಗೆಯ ವಿದ್ಯೆ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಹುಡುಗರಾಗಿದ್ದಾಗಲೇ ಊರು ಬಿಟ್ಟು ಬಂದು ಹೊಟೇಲಿನ ಚಿಲ್ಲರೆ ಕೆಲಸದಿಂದ ಮೇಲೆ ಬಂದವರು.

ಸಂಪ್ರದಾಯವೊಂದರಿಂದಲೇ ಇಷ್ಟು ಜನ ಹೊರಡಲಿಲ್ಲ. ಸುಮಾತ್ರದಲ್ಲಿ 1958ರಲ್ಲಿ ಜಕಾರ್ತದ ಸರಕಾರದ ವಿರುದ್ಧ ಬಂಡಾಯವೆದ್ದು, ಅದನ್ನು ಸೈನ್ಯ ಅಡಗಿಸಿದ ಮೇಲೆ ಮಿನಾಂಗ್ ಜನ ಗುಂಪುಗುಂಪಾಗಿ ಪಟ್ಟಣಗಳಿಗೆ ಹೋದರು. ನಮ್ಮ ಕಡೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಯ ಭೂಮಿಯನ್ನು ಉಳುವವನಿಗೆ ಕೊಟ್ಟಿತು. ನ್ಯಾಯವೇ ಸರಿ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿದ್ದ ಎಷ್ಟೋ ಗುತ್ತಿನ ಮನೆಗಳ ಹುಡುಗರು ಆಮೇಲೆ ಮುಂಬಯಿಯ ಬಸ್ಸು ಹತ್ತಿದರು.

ಒಂದು ವಿಷಯದಲ್ಲಿ ಮಾತ್ರ ಅವರ ದಾರಿ ಬೇರೆ. ಅನೇಕ ಪಾಡಾಂಗ್ ಹೊಟೇಲುಗಳಲ್ಲಿ ತಿಂಗಳ ಸಂಬಳದ ಬದಲು 'ಮಾತೊ' ಎಂಬ ಪಾಲಿನ ಲೆಕ್ಕವಿದೆ. ಖರ್ಚು ಕಳೆದು ಉಳಿದ ಲಾಭದಲ್ಲಿ ಬಂಡವಾಳ ಹಾಕಿದವನಿಗೆ ಒಂದು ಭಾಗ, ಉಳಿದದ್ದು ಕೆಲಸದವರಿಗೆ. ಮುಖ್ಯ ಅಡುಗೆಯವನಿಗೆ ಹೆಚ್ಚು ಮಾತೊ, ತಟ್ಟೆ ತೊಳೆಯುವವನಿಗೆ ಕಡಿಮೆ. ಕಡಿಮೆಯಾದರೂ ಅದು ಪಾಲು. ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿರುತ್ತದೆ.

ನಮ್ಮಲ್ಲಿ ಊಟ, ಸಂಬಳ, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜಿನ ಮೇಲೆ ಹಾಸಿಗೆ. ಜಾಣನಾದವನು ರಾತ್ರಿ ಶಾಲೆಗೆ ಹೋದ. ಧೈರ್ಯವಿದ್ದವನು ಗಲ್ಲೆಗೆ ಬಂದು, ಮುಂದೆ 'ಕಂಡಕ್ಟಿಂಗ್' ಮೇಲೆ ಹೊಟೇಲು ಹಿಡಿದು, ಕೊನೆಗೆ ಧಣಿಯಾದ. ಅಂಥವರಿಗೆ ನಮ್ಮ ಸಂಘಗಳು ಶಾಲು ಹೊದಿಸಿವೆ, ಲೇಖನ ಬರೆಸಿವೆ, ತಕ್ಕದ್ದೇ. ಆದರೆ ಧಣಿಯಾಗದೆ ನಲವತ್ತು ವರ್ಷ ಹಿಟ್ಟು ರುಬ್ಬಿ, ಮೇಜು ಒರಸಿ, ಕೂಡಿಟ್ಟದ್ದನ್ನೆಲ್ಲ ಮನಿಯಾರ್ಡರಿನಲ್ಲಿ ಊರಿಗೆ ಕಳಿಸಿದವರೇ ಹೆಚ್ಚು. ಅವರ ವಿಷಯ ನಮ್ಮ ಪುಟಗಳಲ್ಲಿ ಎಷ್ಟು ಬಂದಿದೆಯೆಂದು ಹಳೆಯ ಸಂಚಿಕೆ ತಿರುವಿದವರೇ ಹೇಳಲಿ.

ಪಾರ್ಲೆಯ ಈಸ್ಟಿನಲ್ಲಿ, ವೆಸ್ಟಿನಲ್ಲಿ ಅಂಥ ವೃದ್ಧರು ಇನ್ನೂ ಇದ್ದಾರೆ. ಅವರ ಊರು, ಬಂದ ವರ್ಷ, ಮೊದಲ ಹೊಟೇಲು, ಮೊದಲ ಸಂಬಳ, ಓದಿದ್ದರೆ ರಾತ್ರಿ ಶಾಲೆಯ ಹೆಸರು — ಇಷ್ಟನ್ನು ಅವರ ಒಪ್ಪಿಗೆ ಪಡೆದು ಬರೆದು ಕಳಿಸಿದರೆ ಒಂದೊಂದಾಗಿ ಅಚ್ಚು ಹಾಕಬಹುದು.